ಇಂಟರ್ನ್‌ಶಿಪ್ ನಿರ್ವಹಣಾ ಮಾಹಿತಿ ವ್ಯವಸ್ಥೆ

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಉದ್ದಿಮೆ, ಕಚೇರಿ, ಸಂಶೋಧನಾಲಯಗಳಲ್ಲಿ ಮಾಡುವ ಇಂಟರ್ನ್‌ಶಿಪ್‌ನ ಅರ್ಜಿ, ಅನುಮೋದನೆ, ಮೇಲ್ವಿಚಾರಣೆ ಹಾಗೂ ಮೌಲ್ಯಮಾಪನವನ್ನು ಒಂದೇ ಡೇಟಾಬೇಸ್ ಮೂಲಕ ನಿರ್ವಹಿಸುವ ಗಣಕ ವ್ಯವಸ್ಥೆ.

ಹಿನ್ನೆಲೆ: ಓದು ಮತ್ತು ಉದ್ಯೋಗಾನುಭವವನ್ನು ಜೋಡಿಸುವ ಸಹಕಾರಿ ಶಿಕ್ಷಣವನ್ನು ಹರ್ಮನ್ ಷ್ನೈಡರ್ 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದರು. ಭಾರತದಲ್ಲಿ ಪಿಲಾನಿಯ ಬಿಟ್ಸ್ ಸಂಸ್ಥೆ 1973ರಲ್ಲಿ 'ಪ್ರಾಕ್ಟೀಸ್ ಸ್ಕೂಲ್' ಜಾರಿಗೆ ತಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಸಾಮಾನ್ಯ ಪದವಿ ತರಗತಿಗಳಿಗೂ ಇಂಟರ್ನ್‌ಶಿಪ್ ಬಂದದ್ದರಿಂದ ಕಾಗದದ ಕಡತಗಳಲ್ಲಿ ಇದನ್ನು ನಿಭಾಯಿಸುವುದು ಕಷ್ಟವಾಯಿತು.

ದತ್ತಾಂಶ ವಿನ್ಯಾಸ: ವಿದ್ಯಾರ್ಥಿ, ಸಂಸ್ಥೆ, ಮಾರ್ಗದರ್ಶಕರು ಮತ್ತು ನಿಯೋಜನೆ (ಯಾವ ವಿದ್ಯಾರ್ಥಿ ಯಾವ ಸಂಸ್ಥೆಯಲ್ಲಿ ಎಂಬ ದಾಖಲೆ) ಈ ವ್ಯವಸ್ಥೆಯ ಮುಖ್ಯ ಕೋಷ್ಟಕಗಳು. ಇವುಗಳ ಸಂಬಂಧವನ್ನು ಗುರುತಿಸಲು ಪೀಟರ್ ಚೆನ್ 1976ರಲ್ಲಿ ಮಂಡಿಸಿದ ಘಟಕ-ಸಂಬಂಧ ಮಾದರಿಯನ್ನು ಬಳಸುತ್ತಾರೆ. ವಿನ್ಯಾಸದ ಜೀವಾಳ ನಿಯೋಜನಾ ಕೋಷ್ಟಕ. ಸಂಸ್ಥೆಯ ಹೆಸರನ್ನು ವಿದ್ಯಾರ್ಥಿಯ ದಾಖಲೆಯಲ್ಲೇ ಬರೆದಿಟ್ಟರೆ, ಆತ ನಡುವೆ ಸಂಸ್ಥೆ ಬದಲಿಸಿದಾಗ ಹಳೆಯ ಹೆಸರು ಅಳಿಸಿಹೋಗಿ, ಅಲ್ಲಿ ದುಡಿದ ಗಂಟೆಗಳಿಗೆ ಆಧಾರ ಉಳಿಯುವುದಿಲ್ಲ. ಪ್ರತಿ ನಿಯೋಜನೆಗೂ ಬೇರೆ ಸಾಲು, ಆರಂಭ ಹಾಗೂ ಮುಕ್ತಾಯದ ದಿನಾಂಕ ಇದ್ದರೆ ಎರಡೂ ಕಡೆಯ ಕೆಲಸ ಲೆಕ್ಕಕ್ಕೆ ಸಿಗುತ್ತದೆ.

ಕಾರ್ಯವಿಧಾನ: ಅರ್ಜಿ, ವಿಭಾಗದ ಅನುಮೋದನೆ, ಸಂಸ್ಥೆಯ ಒಪ್ಪಿಗೆ, ಕೆಲಸ, ವರದಿ, ಮೌಲ್ಯಮಾಪನ ಇವು ಕ್ರಮವಾದ ಹಂತಗಳು. ಒಂದು ಹಂತ ಮುಗಿಯದೆ ಮುಂದಿನದು ತೆರೆದುಕೊಳ್ಳದು. ಯಾರು, ಯಾವಾಗ ಒಪ್ಪಿಗೆ ಕೊಟ್ಟರೆಂಬುದೂ ದಾಖಲಾಗುತ್ತದೆ. ವಿದ್ಯಾರ್ಥಿ ದಿನಚರಿ ತುಂಬುತ್ತಾನೆ, ಸಂಸ್ಥೆಯ ಮೇಲ್ವಿಚಾರಕರು ಹಾಜರಾತಿ ದೃಢೀಕರಿಸುತ್ತಾರೆ, ಅಧ್ಯಾಪಕರು ಅಂಕ ನೀಡುತ್ತಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ಚೌಕಟ್ಟಿನಲ್ಲಿ 30 ಗಂಟೆಗಳ ಇಂಟರ್ನ್‌ಶಿಪ್‌ಗೆ 1 ಕ್ರೆಡಿಟ್. ದೃಢೀಕೃತ 120 ಗಂಟೆಗಳಿಗೆ ವ್ಯವಸ್ಥೆಯೇ 4 ಕ್ರೆಡಿಟ್ ಲೆಕ್ಕಹಾಕಬಲ್ಲದು. ನಿಯಮ ಬದಲಾಗುವ ಸಾಧ್ಯತೆ ಇರುವುದರಿಂದ ಈ ಪ್ರಮಾಣವನ್ನು ಪ್ರೋಗ್ರಾಮಿನೊಳಗೆ ಬರೆಯದೆ, ಆಡಳಿತ ಸಿಬ್ಬಂದಿ ತಿದ್ದಬಹುದಾದ ಪ್ರತ್ಯೇಕ ಕೋಷ್ಟಕದಲ್ಲಿ ಇಡುವುದು ಸೂಕ್ತ.

ಸುರಕ್ಷತೆ: ಸಂಸ್ಥೆಗೆ ತನ್ನಲ್ಲಿಗೆ ಬಂದ ಅಭ್ಯರ್ಥಿಗಳ ವಿವರ ಮಾತ್ರ, ಅಧ್ಯಾಪಕರಿಗೆ ತಮ್ಮ ವಿದ್ಯಾರ್ಥಿಗಳದ್ದು ಮಾತ್ರ ಕಾಣುವಂತೆ ಪಾತ್ರಕ್ಕೆ ತಕ್ಕ ಪ್ರವೇಶಾಧಿಕಾರ ನೀಡಬೇಕು. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಂಥ ಮಾಹಿತಿಗೂ ಸಂಬಂಧಿಸಿದೆ.

ಮಹತ್ವ: ಪೋರ್ಟಲ್‌ನ ಅಂದಕ್ಕಿಂತ ದಾಖಲೆಯ ನಂಬಿಕೆ ದೊಡ್ಡದು. ಹಳ್ಳಿಯ ಕಾಲೇಜಿನ ವಿದ್ಯಾರ್ಥಿಯೂ ಮೊಬೈಲ್‌ನಲ್ಲಿ ಕನ್ನಡದಲ್ಲೇ ಅರ್ಜಿ ತುಂಬಿ, ಅದು ಯಾರ ಬಳಿ ಬಾಕಿ ಇದೆ ಎಂದು ತಾನೇ ನೋಡುವಂತಿದ್ದರೆ ಮಾತ್ರ ಈ ವ್ಯವಸ್ಥೆ ಸಾರ್ಥಕ.