ಈ ಉತ್ತರದಿಂದ ಉಪಯೋಗ ಆಯ್ತಾ?

ಮುಖಪರಿಚಯ ಇಲ್ಲದವರಿಗೆ ಪ್ರಶ್ನೆ ಕೇಳಿ ಉತ್ತರ ಪಡೆಯೋದು ಅಂತರ್ಜಾಲ ಬಂದ ಮೇಲೆ ಹುಟ್ಟಿದ್ದೇನಲ್ಲ. 1691ರಲ್ಲೇ ಲಂಡನ್ನಿನ ಜಾನ್ ಡಂಟನ್ ಅನ್ನೋ ಪ್ರಕಾಶಕ 'ಅಥೀನಿಯನ್ ಮರ್ಕ್ಯುರಿ' ಅಂತ ಪತ್ರಿಕೆ ಶುರು ಮಾಡಿದ್ದ. ಓದುಗರು ಹೆಸರು ಹೇಳದೆ ಪ್ರಶ್ನೆ ಕಳಿಸೋರು, ಡಂಟನ್ನನ ಪುಟ್ಟ ಗುಂಪು ಅಚ್ಚಿನಲ್ಲಿ ಉತ್ತರ ಕೊಡೋದು. ಪತ್ರಿಕೆ 1697ರ ತನಕ ನಡೀತು. ಆದ್ರೆ ಯಾವ ಉತ್ತರ ಯಾರಿಗೆ ಉಪಯೋಗಕ್ಕೆ ಬಂತು? ಪತ್ರಿಕೆ ಖರ್ಚಾದ ಲೆಕ್ಕದಿಂದ ಅದು ಗೊತ್ತಾಗಲ್ಲ.

ಅಂತರ್ಜಾಲದಲ್ಲಿ ಇದನ್ನ ಅಳೆಯೋಕೆ ಒಂದಷ್ಟು ದಾರಿ ಹುಡುಕಿದ್ರು. 2002ರಲ್ಲಿ ಬಂದ ಗೂಗಲ್ ಆನ್ಸರ್ಸ್‌ನದು ದುಡ್ಡಿನ ದಾರಿ. ಕೇಳುವವರೇ ಪ್ರಶ್ನೆಗೆ 2ರಿಂದ 200 ಡಾಲರ್ ತನಕ ಬೆಲೆ ಕಟ್ಟಬೇಕು. ಅದರಲ್ಲಿ ಮುಕ್ಕಾಲು ಪಾಲು ಉತ್ತರಿಸಿದವರಿಗೆ. ಉತ್ತರ ನೋಡೋಕೆ ಮುಂಚೆ ಕಟ್ಟಿದ ಬೆಲೆ ಅದು, ಹಾಗಾಗಿ ಕೇಳುವವರ ಅಗತ್ಯ ಎಷ್ಟು ಅಂತಷ್ಟೇ ಹೇಳ್ತಿತ್ತು. 2006ರ ಕೊನೆಗೆ ಅಂಗಡಿ ಮುಚ್ಚಿತು.

2005ರ ಡಿಸೆಂಬರ್‌ನಲ್ಲಿ ಬಂದ ಯಾಹೂ ಆನ್ಸರ್ಸ್ ಅಂಕ ಕೊಟ್ಟಿತು. ಪ್ರಶ್ನೆ ಕೇಳಿದ್ರೆ 5 ಅಂಕ ಖೋತಾ, ಉತ್ತರಿಸಿದ್ರೆ 2 ಅಂಕ, 'ಅತ್ಯುತ್ತಮ ಉತ್ತರ' ಅಂತ ಆಯ್ಕೆಯಾದ್ರೆ 10. ಅಂದ್ರೆ ಕಾಟಾಚಾರಕ್ಕೆ ಐದು ಕಡೆ ಒಂದೊಂದು ಸಾಲು ಗೀಚಿದ್ರೂ 10 ಅಂಕ :-) ಅಲ್ಲಿ ಒಳ್ಳೆಯ ಉತ್ತರ ಇರಲಿಲ್ಲ ಅಂತಲ್ಲ, ಆದ್ರೆ ಅಂಕ ನೋಡಿ ಅವನ್ನ ಹುಡುಕೋದು ಕಷ್ಟ. 2021ರ ಮೇ 4ರಂದು ಅದೂ ಮುಚ್ಚಿತು.

2008ರಲ್ಲಿ ಜೋಯಲ್ ಸ್ಪೋಲ್ಸ್ಕಿ, ಜೆಫ್ ಅಟ್‌ವುಡ್ ಶುರು ಮಾಡಿದ ಸ್ಟ್ಯಾಕ್ ಓವರ್‌ಫ್ಲೋನಲ್ಲಿ ಬರೀ ಬರೆದದ್ದಕ್ಕೆ ಅಂಕ ಇಲ್ಲ. ಬೇರೆಯವರು ಮತ ಹಾಕಿದ್ರೆ 10, ಕೇಳಿದವರು ಒಪ್ಪಿಕೊಂಡ್ರೆ 15.

ಇನ್ನು ಮತ ಎಣಿಸೋದರಲ್ಲೂ ಒಂದು ತೊಡಕಿದೆ. ಒಂದು ಉತ್ತರಕ್ಕೆ ಒಂದೇ ಮತ, ಅದೂ 'ಉಪಯುಕ್ತ' ಅಂತ. ಇನ್ನೊಂದಕ್ಕೆ ನೂರು ಮತ, ಅದರಲ್ಲಿ 90 'ಉಪಯುಕ್ತ'. ಶೇಕಡಾವಾರು ಲೆಕ್ಕದಲ್ಲಿ ಮೊದಲನೆಯದೇ ಗೆಲ್ಲುತ್ತೆ! 2009ರಲ್ಲಿ ಇವಾನ್ ಮಿಲ್ಲರ್ ಇದಕ್ಕೆ ಹಳೇ ಸೂತ್ರವೊಂದನ್ನ ನೆನಪಿಸಿದರು. ಅಮೆರಿಕದ ಎಡ್ವಿನ್ ವಿಲ್ಸನ್ 1927ರಲ್ಲಿ ಕೊಟ್ಟಿದ್ದು. ಇಷ್ಟು ಮತ ನೋಡಿ, ಕಡಿಮೆ ಅಂದ್ರೂ ಎಷ್ಟು ಪಾಲು ಜನಕ್ಕೆ ಉಪಯೋಗ ಆಗಿರಬಹುದು ಅಂತ ಅದು ಅಂದಾಜು ಮಾಡುತ್ತೆ. ಶೇಕಡಾ 95ರ ಭರವಸೆಯ ಲೆಕ್ಕದಲ್ಲಿ ಮೊದಲನೆಯದಕ್ಕೆ ಸುಮಾರು ಶೇ. 21, ಎರಡನೆಯದಕ್ಕೆ ಸುಮಾರು ಶೇ. 83. ಅದೇ ವರ್ಷ ರೆಡ್ಡಿಟ್ ಕೂಡ ಪ್ರತಿಕ್ರಿಯೆಗಳನ್ನ ಜೋಡಿಸೋಕೆ ಈ ಸೂತ್ರ ಹಿಡಿಯಿತು.

ಲೆಕ್ಕ ಸರಿಹೋಯ್ತು. ಆದ್ರೆ ಮತ ಹಾಕೋರು ಯಾರು? ಸ್ಟ್ಯಾಕ್ ಓವರ್‌ಫ್ಲೋನಲ್ಲಿ ಮತ ಲೆಕ್ಕಕ್ಕೆ ಬರಬೇಕಾದ್ರೆ ಕನಿಷ್ಠ 15 ಅಂಕ ಗಳಿಸಿರಬೇಕು ಅನ್ನೋ ನಿಯಮ ಬಹಳ ಕಾಲ ಇತ್ತು. ಅದಕ್ಕಿಂತ ಕಡಿಮೆ ಇದ್ರೆ ನಿಮ್ಮ ಅಭಿಪ್ರಾಯ ದಾಖಲಾಗ್ತಿತ್ತು, ಎಲ್ಲರಿಗೂ ಕಾಣೋ ಸಂಖ್ಯೆಗೆ ಸೇರ್ತಿರಲಿಲ್ಲ. ಮೋಸದ ಮತ ತಡೆಯೋಕೆ ಇಂಥ ನಿಯಮ ಬೇಕು, ಒಪ್ಪೋಣ. ಆದ್ರೆ ಗೂಗಲ್‌ನಲ್ಲಿ ಹುಡುಕಿಕೊಂಡು ಬಂದು, ಓದಿ, ಕೆಲಸ ಮುಗಿಸಿ, ಸದ್ದಿಲ್ಲದೆ ಹೋಗೋ ಹೊಸಬರೇ ಅಲ್ವಾ ಉತ್ತರದ ನಿಜವಾದ ಫಲಾನುಭವಿಗಳು? ಕಾಣುವ ಸಂಖ್ಯೆಯಲ್ಲಿ ಅವರೇ ಇಲ್ಲ.

ಇನ್ನೊಂದು, ಕಾಲದ ಸಮಸ್ಯೆ. 2009ರಲ್ಲಿ ಸರಿಯಿದ್ದ ಉತ್ತರ ಆಮೇಲೆ ಹಳಸಿದ್ರೂ ಮತಗಳು ಹಾಗೇ ಇರ್ತಾವೆ. ಅದಕ್ಕೇ ಅವರು 2021ರಲ್ಲಿ 'ಒಪ್ಪಿದ ಉತ್ತರ'ವನ್ನ ಯಾವಾಗ್ಲೂ ಮೇಲೆ ಇಡೋದು ಬಿಟ್ರು. 2022ರಲ್ಲಿ ಇತ್ತೀಚಿನ ಮತಕ್ಕೆ ಹೆಚ್ಚು ತೂಕ ಕೊಡೋ ವಿಂಗಡಣೆ ತಂದ್ರು.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಲ್ಲಿ ಹೊಸ ಪ್ರಶ್ನೆಗಳು ತುಂಬಾ ಕಡಿಮೆಯಾದ್ವು. ಯಾರೋ ರಾತ್ರಿ ಕೂತು ಬರೆದ ಉತ್ತರಗಳಿಂದ ಯಂತ್ರಗಳೂ ಕಲಿತಿವೆ. ಆ ಉಪಯೋಗ ಬರೆದವರ ಅಂಕಕ್ಕೆ ಸೇರೋದೇ ಇಲ್ಲ.

ನಂಗನ್ನಿಸೋದು ಇಷ್ಟು: ಮತ ಅಂದ್ರೆ ಉಪಯೋಗದ ಅಳತೆ ಅಲ್ಲ, ಉಪಯೋಗ ಪಟ್ಟವರಲ್ಲಿ ಕೆಲವರು ಬಿಟ್ಟುಹೋದ ಗುರುತು. ಸಂಖ್ಯೆ ಸೊನ್ನೆ ಇದೆ ಅಂತ ಗೊತ್ತಿದ್ದನ್ನ ಬರೆಯೋದು ಬಿಡಬಾರದು. ಹಾಗೇ ಬೇರೆಯವರ ಉತ್ತರದಿಂದ ಕೆಲಸ ಆಗಿದ್ರೆ, 'ಆಯ್ತು, ಥ್ಯಾಂಕ್ಸ್' ಅಂತ ಒಂದು ಸಾಲು ಬರೆಯೋಕೆ ಜಿಪುಣತನ ಬೇಡ.

ನೀವೇನಂತೀರಿ?