ಹಿತ್ತಲ ಮೆಟ್ಟಿಲಿನ ಡೆಹ್ರಾಡೂನ್ ನಂಟು

ಅಮೆರಿಕದಲ್ಲಿ ಮನೆ ತಗೊಂಡವರೆಲ್ಲ ಒಂದಲ್ಲ ಒಂದು ದಿನ ಬಡಗಿಗಳಾಗ್ತಾರೆ. ಕೂಲಿ ಕೇಳಿದ ಮೇಲೆ ನಾನೂ ಆದೆ.

ರಾಲೆಯ ನಮ್ಮ ಮನೆ 1991ರದ್ದು. ಹಿಂಬಾಗಿಲಿಗೆ ಮರದ ಡೆಕ್, ಅಲ್ಲಿಂದ ಹುಲ್ಲಿಗೆ ಇಳಿಯಲು ಐದು ಮೆಟ್ಟಿಲು. ಹಲಗೆಗಳು ಸೀಳಿದ್ದವು ಅಂತ ಹೊಸದು ಮಾಡೋಕೆ ಹಳೆಯದನ್ನು ಕಿತ್ತೆ. ಸೀಳಿದ್ದವು ನಿಜ, ಆದರೆ ಒಂದೂ ಕೊಳೆತಿರಲಿಲ್ಲ. ಕತ್ತರಿಸಿದರೆ ಒಳಗೆ ತಿಳಿ ಹಸಿರು.

ನಾನು ಕರಾವಳಿಯವನು. ನಮ್ಮಲ್ಲಿ ಅಂಗಳದ ಮೆಟ್ಟಿಲು ಅಂದ್ರೆ ಮುರಕಲ್ಲು; ಮರದ್ದೇನಿದ್ರೂ ಒಳಗೆ, ಅಟ್ಟಕ್ಕೆ. ವಿಡಿಯೋ ಕಾಲಲ್ಲಿ ನೋಡಿದ ಅಪ್ಪ, "ಎಂಥ ಮರ ಮಾರಾಯ ಅದು? ಮಳೆಗೆ ಬಿಟ್ರೂ ಗೆದ್ದಲು ಹಿಡಿಯುದಿಲ್ವಾ?" ಅಂದ್ರು. ಬರೀ ಪೈನ್ ಮರ ಅಂದೆ. ಅವರು ನಂಬಲಿಲ್ಲ.

ತುಂಡುಗಳನ್ನು ಸಂಜೆ ಸುಡೋಣ ಅಂತ ರಾಶಿ ಹಾಕಿದ್ದೆ. ಪಕ್ಕದ ಮನೆಯ ಹಿರಿಯರು ಬೇಲಿಯಾಚೆಯಿಂದ ಕೂಗಿದರು: ಸುಡಬೇಡ, ಅದರಲ್ಲಿ ಆರ್ಸೆನಿಕ್ ಇದೆ, ಬೂದಿ, ಹೊಗೆ ಎರಡೂ ವಿಷ. ನನ್ನ ಕಣ್ಣು ಹೋಗಿದ್ದು ಮೆಟ್ಟಿಲ ಕೆಳಗಿದ್ದ ಮಣ್ಣಿಗೆ. ಎರಡು ವರ್ಷದಿಂದ ನನ್ನ ಮಗಳು ಅಲ್ಲೇ ಕೂತು ಅಡುಗೆ ಆಟ ಆಡ್ತಿದ್ಲು.

ಆ ರಾತ್ರಿ ನಿದ್ದೆ ಬರಲಿಲ್ಲ. ಓದುತ್ತಾ ಕೂತೆ.

ಮರಕ್ಕೆ ಒತ್ತಡದಲ್ಲಿ ಔಷಧಿ ತುಂಬುವ ವಿದ್ಯೆ ಹಳೆಯದು. 1838ರಲ್ಲೇ ಇಂಗ್ಲೆಂಡಿನ ಜಾನ್ ಬೆಥೆಲ್ ಇದಕ್ಕೆ ಪೇಟೆಂಟ್ ಪಡೆದಿದ್ದ. ಮುಚ್ಚಿದ ಸಿಲಿಂಡರಿನಲ್ಲಿ ಮರ ಇಟ್ಟು ಕ್ರಿಯೋಸೋಟ್ ಎಣ್ಣೆಯನ್ನು ಒಳಗೆ ತಳ್ಳುವುದು. ರೈಲು ಹಳಿಯ ಸ್ಲೀಪರಿಗೆ ಅದು ಸರಿ. ಆದರೆ ಕಪ್ಪು ಜಿಡ್ಡು, ಗಾಢ ವಾಸನೆ. ಬರಿಗಾಲಲ್ಲಿ ತುಳಿಯುವ ಮೆಟ್ಟಿಲಿಗೆ ಅದು ಆಗಿಬರಲ್ಲ. ನೀರಲ್ಲಿ ಕರಗುವ ಲವಣ ತುಂಬಿದರೆ ಜಿಡ್ಡಿಲ್ಲ, ಆದರೆ ಮಳೆಗೆ ತೊಳೆದುಹೋಗುತ್ತೆ.

ಈ ಗಂಟು ಬಿಡಿಸಿದ್ದು ಲಂಡನ್ನಿನಲ್ಲಲ್ಲ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ. 1933ರಲ್ಲಿ, ಸೊಂಟಿ ಕಾಮೇಶನ್ ಎಂಬ ಭಾರತೀಯ ವಿಜ್ಞಾನಿ. ಅವರ ಮಿಶ್ರಣದಲ್ಲಿ ತಾಮ್ರ ಶಿಲೀಂಧ್ರಕ್ಕೆ, ಆರ್ಸೆನಿಕ್ ಗೆದ್ದಲಿಗೆ. ಮೂರನೆಯದಾದ ಕ್ರೋಮಿಯಂ ಇವೆರಡನ್ನೂ ಮರದ ನಾರಿಗೆ ಕಟ್ಟಿಹಾಕುತ್ತದೆ. ಹೆಸರು 'ಆಸ್ಕು': ಆರ್ಸೆನಿಕ್ಕಿನ 'ಎಎಸ್', ತಾಮ್ರದ 'ಸಿಯು'. 1938ರಲ್ಲಿ ಅಮೆರಿಕದ ಪೇಟೆಂಟೂ ಸಿಕ್ಕಿತು. ಕಂಬಗಳಿಗೆ ಬಳಕೆಯಾದ ಈ ಔಷಧಿಯೇ ಮುಂದೆ ಅಮೆರಿಕದ ಹಿತ್ತಲುಗಳನ್ನು ಹೊಕ್ಕಿತು. ಅಗ್ಗದ ಪೈನ್ ಮರ ಬಯಲಲ್ಲಿ ದಶಕಗಟ್ಟಲೆ ನಿಲ್ಲುವಂತಾದ ಮೇಲೆ ಡೆಕ್ ಎನ್ನುವುದು ಮಧ್ಯಮವರ್ಗದ ಕೈಗೂ ಸಿಕ್ಕಿತು.

ಆದರೆ ಕಟ್ಟು ಪೂರ್ತಿ ಗಟ್ಟಿಯಲ್ಲ. ವರ್ಷಗಳಲ್ಲಿ ಆರ್ಸೆನಿಕ್ ಸ್ವಲ್ಪಸ್ವಲ್ಪವೇ ಮೇಲ್ಮೈಗೆ, ಮಣ್ಣಿಗೆ ಇಳಿಯುತ್ತದೆ. ಮುಟ್ಟಿದ ಕೈಯನ್ನು ಮಕ್ಕಳು ಬಾಯಿಗೆ ಹಾಕ್ತಾರೆ. 2003ರ ಡಿಸೆಂಬರ್ ಕೊನೆಗೆ ಉತ್ಪಾದಕರು ಮನೆಬಳಕೆಯ ಹೆಚ್ಚಿನ ಮರಕ್ಕೆ ಇದನ್ನು ತುಂಬುವುದು ನಿಲ್ಲಿಸಿದರು. ಆಗಲೇ ಕಟ್ಟಿದ್ದ ಡೆಕ್‌ಗಳನ್ನು ಕೀಳಬೇಕೆಂದು ಯಾರೂ ಹೇಳಲಿಲ್ಲ. ಹಾಗಾಗಿ ನಮ್ಮದು ಉಳಿದಿತ್ತು.

ಕಾಮೇಶನ್ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ನೋಡಿದೆ, ಆಗಲಿಲ್ಲ. ಮರ ಕೊಳೆಯಬಾರದು ಅನ್ನೋದು ಅವರ ಮುಂದಿದ್ದ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದರು. ಅದರ ಕೆಳಗೆ ಮಗುವೊಂದು ಆಡುತ್ತೆ ಅನ್ನೋದು ಪ್ರಶ್ನೆಯಲ್ಲಿ ಇರಲಿಲ್ಲ.

ಹಳೆಯ ಹಲಗೆಗಳನ್ನು ಕಸದ ಕೇಂದ್ರಕ್ಕೆ ಕೊಟ್ಟೆ, ಮೇಲ್ಮಣ್ಣು ತೆಗೆಸಿದೆ. ಮಗಳ ರಕ್ತಪರೀಕ್ಷೆ ಮಾಡಿಸಿದ್ವಿ. ಏನೂ ಇಲ್ಲ ಅಂದ್ರು. ಹೊಸ ಮರದಲ್ಲಿ ಆರ್ಸೆನಿಕ್ ಇಲ್ಲ, ತಾಮ್ರ ಜಾಸ್ತಿ. ಅದು ಮಾಮೂಲಿ ಮೊಳೆಯನ್ನು ತಿಂದುಹಾಕುತ್ತೆ, ಸತುವಿನ ದಪ್ಪ ಲೇಪದ್ದೇ ಬೇಕು. ಮೆಟ್ಟಿಲು ಕೂರಲು ಪಕ್ಕದ ಹಲಗೆಯಲ್ಲಿ ಕಚ್ಚು ಕೊಯ್ದಾಗ ಔಷಧಿ ತಲುಪದ ತಿರುಳು ಹೊರಬೀಳುತ್ತೆ. ಕೊಳೆಯೋದು ಶುರುವಾಗೋದೇ ಅಲ್ಲಿಂದ. ಅದಕ್ಕೇ ಪ್ರತಿ ಕಚ್ಚಿಗೂ ತಾಮ್ರದ ದ್ರಾವಣ ಬಳಿದೆ.

ಬ್ರಶ್ ಕೈಯಲ್ಲಿದ್ದಾಗಲೇ ಅಪ್ಪನ ಕಾಲ್ ಬಂತು. ಊರಲ್ಲಿ ಮಳೆ ಶುರುವಾಗಿತ್ತು. ಕೊಳೆರೋಗಕ್ಕೆ ಅಡಿಕೆ ಮರಕ್ಕೆ ಮೈಲುತುತ್ತು, ಸುಣ್ಣ ಕಲಸಿ ಹೊಡೆಸ್ತಾ ಇದ್ರು.

"ನಾನೂ ಅದನ್ನೇ ಮಾಡ್ತಾ ಇದ್ದೇನೆ ಅಪ್ಪ," ಅಂದೆ.