ಹೀಟ್ ಪಂಪ್ ಮತ್ತು ಏರ್ ಕಂಡಿಷನರ್: ಹೋಲಿಕೆಯ ನೆಲೆ ಯಾವುದು?

ಮನೆ ಬೆಚ್ಚಗಿಡಲು ಹೀಟ್ ಪಂಪ್, ತಂಪಾಗಿಡಲು ಏರ್ ಕಂಡಿಷನರ್ ಎಂದು ಎರಡನ್ನೂ ಎದುರಾಳಿಗಳಂತೆ ನಿಲ್ಲಿಸಿ ಅಳೆಯುವ ವಾಡಿಕೆಯಿದೆ. ಆ ಹೋಲಿಕೆಯ ತಳಹದಿಯೇ ಸಡಿಲ ಎಂಬುದು ಈ ಲೇಖನದ ವಾದ.

ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಲಿಯಂ ಥಾಮ್ಸನ್ 1852ರಲ್ಲಿ ಮಂಡಿಸಿದ ಪ್ರಬಂಧದಲ್ಲೇ ಕಟ್ಟಡವನ್ನು ಕಾಯಿಸುವುದೂ ತಣಿಸುವುದೂ ಒಂದೇ ತತ್ತ್ವದ ಎರಡು ಬಳಕೆಗಳಾಗಿದ್ದವು. ಇಂದಿನ ಯಂತ್ರಗಳಲ್ಲೂ ಹಾಗೆಯೇ. ಕಂಪ್ರೆಸರ್, ಎರಡು ಕಾಯಿಲ್, ವಿಸ್ತರಣಾ ಕವಾಟ, ಸುತ್ತುವ ಶೀತಕ: ಎರಡರ ಒಡಲೂ ಇಷ್ಟೇ. ಶೀತಕ ಹರಿಯುವ ದಿಕ್ಕನ್ನು ತಿರುಗಿಸುವ ನಾಲ್ಕುದಾರಿಯ ಕವಾಟವೊಂದು ಸೇರಿದರೆ, ಕೋಣೆಯ ಶಾಖವನ್ನು ಹೊರಚೆಲ್ಲುತ್ತಿದ್ದ ಯಂತ್ರ ಹೊರಗಿನ ಶಾಖವನ್ನು ಒಳತರುತ್ತದೆ. ಜ್ಯೂರಿಕ್ ನಗರದ ರಾಟ್‌ಹೌಸ್ ಕಟ್ಟಡದಲ್ಲಿ 1938ರ ಹೊತ್ತಿಗೆ ಲಿಮ್ಮಾಟ್ ನದಿಯ ತಣ್ಣೀರಿನಿಂದಲೇ ಶಾಖ ಹೀರುವ ಹೀಟ್ ಪಂಪ್ ಕೆಲಸಕ್ಕಿಳಿದಿತ್ತು. ಸ್ವಂತ ಕಲ್ಲಿದ್ದಲಿಲ್ಲದ, ಜಲವಿದ್ಯುತ್ ಧಾರಾಳವಾಗಿದ್ದ ದೇಶದಲ್ಲಿ ಅದು ವಿವೇಕದ ಆಯ್ಕೆ.

ಹಾಗಾದರೆ ಹೀಟ್ ಪಂಪಿನ ನಿಜವಾದ ಪ್ರತಿಸ್ಪರ್ಧಿ ಯಾವುದು? ಕಾಯಿಲ್ ಕೆಂಪಗಾಗುವ ಸಾಮಾನ್ಯ ಹೀಟರ್. ಅದು ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖ ಕೊಡುತ್ತದೆ. ಅದಕ್ಕಿಂತ ಹೆಚ್ಚು ಕೊಡಲು ಸಾಧ್ಯವೇ ಇಲ್ಲ. ಹೀಟ್ ಪಂಪ್ ಶಾಖವನ್ನು ಹುಟ್ಟಿಸುವುದಿಲ್ಲ, ಸಾಗಿಸುತ್ತದೆ. ಒಳಗೆ 20 ಡಿಗ್ರಿ, ಹೊರಗೆ ಸೊನ್ನೆ ಡಿಗ್ರಿ ಸೆಲ್ಸಿಯಸ್ ಇದ್ದರೆ ಕಾರ್ನೊ ಸೂತ್ರದ ಪ್ರಕಾರ ಬಳಸಿದ ವಿದ್ಯುತ್ತಿನ ಎಷ್ಟು ಪಟ್ಟು ಶಾಖ ಸಿಗುತ್ತದೆ ಎಂಬ ಲಾಭದ ಗರಿಷ್ಠ ಮಿತಿ 14ಕ್ಕೂ ಮಿಗಿಲು. ಒಳ್ಳೆಯ ಯಂತ್ರಗಳು ಸುಮಾರು 3ರಷ್ಟನ್ನು ಮುಟ್ಟುತ್ತವೆ. ಚಳಿ ಹೆಚ್ಚಿದಷ್ಟೂ ಈ ಲಾಭ ಕುಗ್ಗುತ್ತದೆ, ಹೊರಗಿನ ಕಾಯಿಲ್ ಮೇಲೆ ಕಟ್ಟಿದ ಹಿಮ ಕರಗಿಸಲು ಯಂತ್ರ ಆಗಾಗ ಹಿಮ್ಮುಖವಾಗಿ ಓಡಬೇಕಾಗುತ್ತದೆ. ಇಷ್ಟಾದರೂ ನಾರ್ವೆಯಂಥ ಶೀತದೇಶದಲ್ಲಿ ಅರ್ಧಕ್ಕೂ ಹೆಚ್ಚು ಮನೆಗಳು ಇದನ್ನು ನೆಚ್ಚಿಕೊಂಡಿವೆ. ಅಲ್ಲಿ ಇದು ಬಹುಪಾಲು ಪಕ್ಕಕ್ಕೆ ಸರಿಸಿದ್ದು ವಿದ್ಯುತ್ ಹೀಟರುಗಳನ್ನೇ ಎಂಬುದು ಗಮನಾರ್ಹ.

ಕರ್ನಾಟಕದ ಮಾತು ಬೇರೆ. ಕಲಬುರಗಿ, ರಾಯಚೂರಿನ ಬೇಸಿಗೆಗೆ ತಂಪು ಮಾತ್ರ ಕೊಡುವ ಏರ್ ಕಂಡಿಷನರ್ ಸಾಕು. ವರ್ಷದಲ್ಲಿ ಹೆಚ್ಚು ದಿನ ಬಳಸದ ಬಿಸಿ ಸೌಲಭ್ಯಕ್ಕೆ ಹೆಚ್ಚಿನ ಹಣ ತೆರುವುದು ವ್ಯರ್ಥ. ನಮ್ಮಲ್ಲಿ ಶಾಖದ ಬೇಡಿಕೆ ಇರುವುದು ಕೋಣೆಯಲ್ಲಲ್ಲ, ಬಚ್ಚಲುಮನೆಯಲ್ಲಿ. ನೂರು ಲೀಟರ್ ನೀರನ್ನು 20ರಿಂದ 50 ಡಿಗ್ರಿಗೆ ಏರಿಸಲು ಗೀಸರಿಗೆ ಸುಮಾರು ಮೂರೂವರೆ ಯೂನಿಟ್ ಬೇಕು. ಮೂರು ಪಟ್ಟು ಶಾಖ ಕೊಡುವ ಹೀಟ್ ಪಂಪಿಗೆ ಹೆಚ್ಚುಕಡಿಮೆ 1.2 ಯೂನಿಟ್ ಸಾಕು. ಬೆಂಗಳೂರಿನ ಚಳಿಗಾಲದಲ್ಲೂ ಗಾಳಿ ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯದ ಕಾರಣ ಹಿಮದ ತೊಡಕೂ ಇಲ್ಲ. ಕಲ್ಲಿದ್ದಲು ಸ್ಥಾವರದಲ್ಲಿ ಇಂಧನದ ಶಾಖದ ಸುಮಾರು ಮೂರನೇ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಆ ದುಬಾರಿ ವಿದ್ಯುತ್ತನ್ನು ಗೀಸರಿನಲ್ಲಿ ಮತ್ತೆ ಬರಿಯ ಶಾಖವಾಗಿಸುವುದು ನಿಜಕ್ಕೂ ನೋವಿನ ಸಂಗತಿ.

ಬಿಸಿಲು ಬೀಳುವ ಸ್ವಂತ ಮಹಡಿ ಇರುವವರಿಗೆ ಸೋಲಾರ್ ಹೀಟರೇ ಮೇಲು. ಮಹಡಿಯಿಲ್ಲದ ಅಪಾರ್ಟ್‌ಮೆಂಟುಗಳು, ಹಾಸ್ಟೆಲುಗಳು, ಆಸ್ಪತ್ರೆಗಳು ಹಳೆಯ ಗೀಸರ್ ಬದಲಿಸುವಾಗ ಹೀಟ್ ಪಂಪಿನ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.